ಸಾಲಹಳ್ಳಿ ಗಾಡಿಯ ಹೊಸ ಎಂಜಿನ್, ಅದರ ಮೂತಿಯ ಮೇಲೆ ನಾನು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಸುತ್ತ ಇರುವವರೆಲ್ಲ ಗೆಲ್ಲುತ್ತೇವೋ ಸೋಲುತ್ತೇವೋ ಅಂತ ಖುಷಿಯಿಂದ ವಾದ ಮಾಡುತ್ತಿರುತ್ತಾರೆ. ಅವರು ಮಾತಾಡುತ್ತಿರುವುದು ಆಟದ ಬಗ್ಗೆ, ನಿಮಗೆ ಕಾಣುತ್ತಿರುವುದು ಹೆಣ. ಬಾಯಿ ಬಿಟ್ಟು ಹೇಳಿದರೆ ನಗುತ್ತಾರೆ, ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಆಗಿದೆಯಾ? ನನಗೆ ಆಯಿತು, ಅದೂ ಟ್ರ್ಯಾಕ್ಟರಿನ ಬಂಪರ್ ಮೇಲೆ ಕೂತಾಗ.

ನಮ್ಮ ಕಡೆಯವರಲ್ಲದವರಿಗೆ ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತ ಕಬ್ಬಿನ ಹಂಗಾಮು ಮುಗಿಯಿತೆಂದರೆ ಟ್ರ್ಯಾಕ್ಟರುಗಳಿಗೆ ಕೆಲಸ ಕಡಿಮೆ, ಓಡಿಸುವವರಿಗೆ ಕೈ ತುರಿಕೆ ಜಾಸ್ತಿ. ಆಗ ಜಗ್ಗಾಟ ಶುರುವಾಗುತ್ತದೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ನಡುವೆ ದಪ್ಪ ಸರಪಳಿ ಕಟ್ಟುತ್ತಾರೆ. ಇಬ್ಬರೂ ಮುಂದಕ್ಕೆ ಎಳೆಯುತ್ತಾರೆ. ಯಾರು ಎದುರಾಳಿಯನ್ನು ಸುಣ್ಣದ ಗೆರೆ ದಾಟಿಸಿ ಎಳೆದುಕೊಂಡು ಹೋಗುತ್ತಾರೋ ಅವರದು ಆ ಎಳೆತ. ಮೂರರಲ್ಲಿ ಎರಡು ಗೆದ್ದವರು ಗೆದ್ದಂತೆ. ನೋಡಲು ಅಷ್ಟು ಮಂದಿ ಬರುತ್ತಾರೆಂದರೆ ಹೊಲದ ಬದುವಿನ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಒಂದೊಂದು ಗಾಡಿಗೂ ಅಭಿಮಾನಿಗಳಿದ್ದಾರೆ, ಮೊಬೈಲಿನಲ್ಲಿ ಗ್ರೂಪುಗಳಿವೆ, ಗ್ರೂಪುಗಳಲ್ಲಿ ಜಗಳಗಳಿವೆ.

ಇದರಲ್ಲಿ ನನ್ನ ಕೆಲಸ ಭಾರ. ಹೌದು, ಬರೀ ಭಾರ. ಹಿಂದೆ ಸರಪಳಿ ಬಿಗಿದು ಎಳೆದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಇದಕ್ಕೆ ನಾವು ಮೂತಿ ಎತ್ತುವುದು ಅನ್ನುತ್ತೇವೆ. ಏಳದ ಹಾಗೆ ಒತ್ತಿ ಹಿಡಿಯಲು ದೊಡ್ಡ ತಂಡದವರು ಕಬ್ಬಿಣದ ತುಂಡುಗಳನ್ನು ಜೋಡಿಸುತ್ತಾರೆ. ಸಣ್ಣ ತಂಡದವರು ದಪ್ಪ ಮನುಷ್ಯರನ್ನು ಕೂರಿಸುತ್ತಾರೆ. ನಾನು ಕತೆ ಬರೆದು ಹಾಕುವ ಈ ಆನ್‌ಲೈನ್ ಪುಟದಲ್ಲಿ ನನ್ನ ಫೋಟೊ ನೋಡಿದವರಿಗೆ ಇನ್ನು ಬಿಡಿಸಿ ಹೇಳುವುದು ಬೇಡ.

ಗಾಡಿ ನನ್ನ ಅಕ್ಕನ ಮಗನದು. ಊರು ಸಾಲಹಳ್ಳಿ, ರಾಮದುರ್ಗ ತಾಲೂಕು. ಇರುವುದೇ ಒಂದು ಟ್ರ್ಯಾಕ್ಟರ್. ಹಂಗಾಮಿನಲ್ಲಿ ಅದರಲ್ಲೇ ಕಬ್ಬು ಹೇರುತ್ತಾನೆ, ಹಂಗಾಮು ಮುಗಿದರೆ ಅದರಲ್ಲೇ ಜಗ್ಗಾಟಕ್ಕೆ ಹೋಗುತ್ತಾನೆ. ಎದುರಾಳಿಗಳು ಲಾರಿಯ ಮೇಲೆ ಟ್ರ್ಯಾಕ್ಟರ್ ಹೇರಿಕೊಂಡು ಬಂದರೆ ಇವನು ತನ್ನ ಗಾಡಿಯನ್ನು ತಾನೇ ಓಡಿಸಿಕೊಂಡು ಬರುತ್ತಾನೆ, ದಾರಿಯಲ್ಲಿ ಯಾರದಾದರೂ ಗೊಬ್ಬರದ ಚೀಲ ಇದ್ದರೆ ಅದನ್ನೂ ಹಾಕಿಕೊಂಡು. ಮೂರು ವರ್ಷದಿಂದ ಅವನ ಮೂತಿಯ ಮೇಲೆ ಕೂರುವವರು ಇಬ್ಬರು. ಬಲಕ್ಕೆ ನಾನು. ಎಡಕ್ಕೆ ಬೈಲಹೊಂಗಲದಲ್ಲಿ ಚಾ ಹೋಟೆಲ್ ಇಟ್ಟಿರುವ ನನ್ನ ಗೆಳೆಯ. ಹಳೆಯ ಎಂಜಿನ್ನಿಗೆ ನಾವಿಬ್ಬರು ಸಾಕಾಗಿದ್ದೆವು. ಗಾಲಿ ಒಂದು ಗೇಣು ಎದ್ದರೆ ಹೆಚ್ಚು. ಗೆದ್ದದ್ದು ಕಡಿಮೆ, ನಕ್ಕದ್ದು ಜಾಸ್ತಿ.

ಈ ಸಲ ಹಂಗಾಮಿನ ಕೊನೆಗೆ ಆ ಎಂಜಿನ್ ಕೈಕೊಟ್ಟಿತು. ಅದನ್ನೇ ರಿಪೇರಿ ಮಾಡಿಸುತ್ತಾನೆ ಅಂದುಕೊಂಡರೆ ಅಳಿಯ ಎಲ್ಲಿಂದಲೋ ಇನ್ನೊಂದು ದೊಡ್ಡ ಟ್ರ್ಯಾಕ್ಟರಿನ ಎಂಜಿನ್ ಹುಡುಕಿಕೊಂಡು ಬಂದ. ಸವದತ್ತಿಯ ಒಬ್ಬ ಮಿಸ್ತ್ರಿ ಅದನ್ನು ಕೂರಿಸಿಕೊಟ್ಟ. ನಾನು ಗ್ಯಾರೇಜಿಗೆ ಹೋಗಿ ಅದು ಚಾಲೂ ಆಗುವುದನ್ನು ವಿಡಿಯೊ ಮಾಡಿ ಪುಟಕ್ಕೆ ಹಾಕಿದೆ. ನಾನು ಇಷ್ಟು ವರ್ಷ ಬರೆದ ಯಾವ ಕತೆಗೂ ಅಷ್ಟು ಕಾಮೆಂಟ್ ಬಂದಿರಲಿಲ್ಲ.

"ಆವಾಜ್ ಕೇಳ್ರಿ ಆವಾಜ್! ಈ ಸರ್ತಿ ಸಾಲಹಳ್ಳಿ ಪಕ್ಕಾ."

"ಎಂಜಿನ್ ಹೊಸಾದು, ಡ್ರೈವರ್ ಹಳೇವನ. ಏನ್ ಉಪಯೋಗ?"

"ಕಿತ್ತೂರ ಕಡೆ ದೊಡ್ಡ ಗಾಡಿ ಮುಂದ ಇದು ಆಡಿನ ಮರಿ. ಆಡಿಗೆ ಕ್ವಾಣದ ಎದಿ ಹಚ್ಚಿದ್ರ ಕ್ವಾಣ ಆಗತೈತೇನ?"

ಇದರ ಕೆಳಗೆ ಇನ್ನೊಬ್ಬ, "ನಿಮ್ಮ ಕ್ವಾಣಾ ಹೋದ ವರ್ಷ ಎಲ್ಲಿ ಮಕ್ಕೊಂಡಿತ್ತು ಅದನ್ನ ಹೇಳಪಾ ಮೊದ್ಲ."

ಹೋಟೆಲಿನಲ್ಲಂತೂ ಬೇರೆ ಮಾತೇ ಇಲ್ಲ. ಅಲ್ಲಿಗೆ ದಿನಾ ಬೆಳಿಗ್ಗೆ ಒಬ್ಬ ನಿವೃತ್ತ ಮಾಸ್ತರರು ಬರುತ್ತಾರೆ. ಜಗ್ಗಾಟ ಎಲ್ಲೇ ಇರಲಿ, ಕೊಡೆ ಹಿಡಿದುಕೊಂಡು ಹಾಜರಾಗುವ ಮನುಷ್ಯ. ಅವರು ದೊಡ್ಡ ಗಾಡಿಯ ಕಡೆಯವರು.

"ಹೊಸ ಎಂಜಿನ್ ಹಾಕಿದ್ರ ಆಗಂಗಿಲ್ರಿ," ಅಂದರು ಮಾಸ್ತರರು. "ಗೇರ್ ಬಾಕ್ಸ್ ಹಳೇದೈತಿ. ಅಷ್ಟು ಜೋರು ಅದು ತಡ್ಯಂಗಿಲ್ಲ. ಹಲ್ಲು ಉದರತಾವ."

"ಸರ, ನೀವು ಸಾಲ್ಯಾಗ ಕಲಿಸಿದ್ದು ಇತಿಹಾಸ," ಅಂದ ಹೋಟೆಲಿನ ಗೆಳೆಯ, ಕಪ್ಪಿನಿಂದ ಬಸಿಗೆ ಚಾ ಸುರಿಯುತ್ತ. "ಗೇರ್ ಬಾಕ್ಸಿನ ಪಾಠಾ ಯಾವಾಗಿಂದ ಶುರು ಮಾಡಿದ್ರಿ?"

"ಇತಿಹಾಸನ ಹೇಳಾಕತ್ತೇನಿ. ಸಣ್ಣ ಗಾಡಿ ದೊಡ್ಡ ಎಂಜಿನ್ ಹಾಕ್ಕೊಂಡು ಗೆದ್ದದ್ದು ನನ್ನ ನೆನಪಿನ್ಯಾಗ ಇಲ್ಲ."

"ನಿಮ್ಮ ನೆನಪಿನ್ಯಾಗ ನಿನ್ನೆ ಕುಡದ ಚಾನೂ ಇರಂಗಿಲ್ಲ ಬಿಡ್ರಿ ಸರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಿರ್ಚಿ ಭಜಿ ತಟ್ಟೆಯಲ್ಲೇ ಬಿಟ್ಟೆ. ಗೇರ್ ಬಾಕ್ಸ್, ಟೈರು, ಡೀಸೆಲ್ ಪಂಪು, ಕೊನೆಗೆ ಬಣ್ಣದ ಬಗ್ಗೆಯೂ ವಾದವಾಯಿತು. ಮೂತಿ ಎಷ್ಟು ಏಳುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನಾನು ಸವದತ್ತಿಗೆ ಹೋದಾಗ ಮಿಸ್ತ್ರಿಯನ್ನೇ ಕೇಳಿದ್ದೆ.

"ಮೂತಿ ಎತ್ತತೈತೇನ್ರಿ ಇದು?"

"ಎತ್ತಿದ್ರ ಎತ್ಲಿ ಬಿಡ್ರಿ," ಅಂದು ಅವನು ಎಣ್ಣೆಯ ಕೈಯಲ್ಲೇ ನನ್ನ ಹೊಟ್ಟೆ ತಟ್ಟಿದ. "ನೀವ್ ಅದೀರಲ್ಲ!"

ನನ್ನ ಭಯ ಎಲ್ಲಿಂದ ಬಂತು ಅಂತ ಹೇಳಬೇಕು. ತುಂಬಾ ವರ್ಷದ ಹಿಂದೆ ಕಿತ್ತೂರಿನ ಹತ್ತಿರ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ನಿಂತಿದ್ದೆ. ಹಸಿ ಹೊಲದಿಂದ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ರಸ್ತೆಯ ಏರು ಹತ್ತುತ್ತಿತ್ತು. ಹಿಂದಿನ ಭಾರ ಜಗ್ಗಿತು, ಮೂತಿ ಎದ್ದಿತು. ಜನ "ಹೋ" ಅಂದರು. ಇನ್ನೊಂದು ಸ್ವಲ್ಪ ಎದ್ದಿತು. ಆಮೇಲೆ ಎಂಜಿನ್ ಇರಬೇಕಾದ ಜಾಗದಲ್ಲಿ ಆಕಾಶ ಇತ್ತು, ಡ್ರೈವರ್ ಇರಬೇಕಾದ ಜಾಗದಲ್ಲಿ ಎಂಜಿನ್ ಇತ್ತು. ಕೂಗಲೂ ಹೊತ್ತು ಸಿಗಲಿಲ್ಲ. ನಿಧಾನಕ್ಕೆ ಎದ್ದು ನಿಧಾನಕ್ಕೆ ಬೀಳುತ್ತದೆ, ಅಷ್ಟರಲ್ಲಿ ಜಿಗಿಯಬಹುದು ಅಂತ ನೀವು ಅಂದುಕೊಂಡಿದ್ದರೆ ತಪ್ಪು. ಒಂದು ಮಟ್ಟದವರೆಗೆ ನಿಧಾನ. ಅದನ್ನು ದಾಟಿದರೆ ಮುಗಿಯಿತು. ಆ ಮಟ್ಟ ಎಲ್ಲಿದೆ ಅಂತ ದಾಟಿದ ಮೇಲೇ ಗೊತ್ತಾಗುವುದು.

ಇದನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಜಗ್ಗಾಟದ ಹಿಂದಿನ ವಾರ ಸಾಲಹಳ್ಳಿಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತ ತಾನಾಗಿಯೇ ಮಾತು ತೆಗೆದಳು.

"ಎಂಜಿನ್ ಭಾಳ ದೊಡ್ಡದಂತಲ್ಲೋ ತಮ್ಮಾ. ನನಗೇನ ತಿಳಿತೈತಿ? ನೀ ಮುಂದ ಕುಂತಿರತಿ ಅಂತ ಧೈರ್ಯಾ, ಇಲ್ಲಂದ್ರ ನಾ ಅವನ್ನ ಕಳಸತಿದ್ದಿಲ್ಲ."

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಮೂತಿಯ ಮೇಲೆ ಕೂತರೆ ನನ್ನ ಜೀವಕ್ಕೆ ಭಯ. ಕೂರದಿದ್ದರೆ ಮೂತಿ ಇನ್ನೂ ಮೇಲೇಳುತ್ತದೆ, ಅವನ ಜೀವಕ್ಕೆ ಭಯ. ನನಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿದರೂ ಅವನು ನಿಲ್ಲುವವನಲ್ಲ, ನನಗಿಂತ ಹಗುರಾದ ಯಾರನ್ನೋ ಹತ್ತಿಸಿಕೊಂಡು ಹೋಗುತ್ತಾನೆ. ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡೆ. "ನಾ ಅದೀನಲ್ಲವಾ," ಅಂದೆ.

ಜಗ್ಗಾಟ ಎಂ.ಕೆ. ಹುಬ್ಬಳ್ಳಿಯ ಹತ್ತಿರ, ಕಬ್ಬು ಕಡಿದು ಹಸನು ಮಾಡಿದ ಹೊಲದಲ್ಲಿ. ಬೆಳಿಗ್ಗೆಯೇ ಬಿಸಿಲು ಚುರುಕಾಗಿತ್ತು. ಅಳಿಯ ಬಾನೆಟ್ಟಿಗೆ ಭಂಡಾರದ ಅರಿಶಿನ ಹಚ್ಚಿ, ನಿಂಬೆಹಣ್ಣು ಗಾಲಿಗೆ ಇಟ್ಟ. ಪಂಚರು, ಅಂದರೆ ತೀರ್ಪು ಕೊಡುವವರು, ಮೈಕಿನಲ್ಲಿ ನಿಯಮ ಓದಿದರು: ಸರಪಳಿ ಬಿಗಿಯಾದ ಮೇಲೆ ಮುಂದೆ ಕೂತವರಲ್ಲಿ ಒಬ್ಬ ಇಳಿದರೂ, ಒಬ್ಬ ಹೆಚ್ಚಿಗೆ ಹತ್ತಿದರೂ ಆ ಎಳೆತ ಸೋತಂತೆ. ಎದುರಿಗೆ ಕಿತ್ತೂರು ಕಡೆಯ ದೊಡ್ಡ ಗಾಡಿ. ಅವರ ಮಂದಿಯೆಲ್ಲ ಒಂದೇ ಬಣ್ಣದ ಅಂಗಿ. ನಮ್ಮ ಕಡೆ ನನ್ನದೊಂದು ಬನಿಯನ್, ಗೆಳೆಯನದೊಂದು ಹಳೆಯ ಲುಂಗಿ.

ನಾವು ಬಂಪರ್ ಮೇಲೆ ಕೂರುವುದು ಡ್ರೈವರನ ಕಡೆ ಮುಖ ಮಾಡಿ. ಬಾನೆಟ್ಟಿಗೆ ಸುತ್ತಿದ ಹಗ್ಗ ಹಿಡಿದುಕೊಳ್ಳಬೇಕು. ಮೊದಲನೇ ಎಳೆತದಲ್ಲಿ ಅಳಿಯ ರೇಸ್ ಒತ್ತಿದ್ದೇ ತಡ, ಹೊಸ ಎಂಜಿನ್ ಕೂಗಿದ ಕೂಗಿಗೆ ನನ್ನ ಹಲ್ಲು ಅದುರಿದವು. ಆದರೆ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿದವು, ಮಣ್ಣು ಅಗೆದವು. ದೊಡ್ಡ ಗಾಡಿ ನಮ್ಮನ್ನು ದನ ಎಳೆದ ಹಾಗೆ ಎಳೆದುಕೊಂಡು ಹೋಯಿತು. ಮೂತಿ ಏಳಲೇ ಇಲ್ಲ. ಸೋತೆವು. ನಿಜ ಹೇಳುತ್ತೇನೆ, ನನಗೆ ಅಷ್ಟು ಹಗುರಾಗಿತ್ತೆಂದರೆ ಮಾಸ್ತರರು ಬದುವಿನ ಮೇಲಿಂದ ಕೊಡೆ ಎತ್ತಿ, "ಹೇಳಿದ್ನೋ ಇಲ್ಲೋ!" ಅಂತ ಕೂಗಿದ್ದು ಕೂಡ ಹಿತವಾಗಿ ಕೇಳಿಸಿತು.

ಆದರೆ ಅಭಿಮಾನಿಗಳು ಸುಮ್ಮನಿರಬೇಕಲ್ಲ?

"ಎಂಜಿನ್ ಜೋರೈತಿ, ಹಿಡಿತ ಇಲ್ಲ!" ಒಬ್ಬ ಕೂಗಿದ.

"ಕೊಂಡಿ ಮ್ಯಾಲ ಕಟ್ರೋ! ಒಂದು ತೂತು ಮ್ಯಾಲ!"

ಟ್ರ್ಯಾಕ್ಟರಿನ ಹಿಂದೆ ಒಂದು ಕಬ್ಬಿಣದ ಪಟ್ಟಿ ನಿಲ್ಲಿಸಿರುತ್ತಾರೆ. ಅದರಲ್ಲಿ ಒಂದರ ಮೇಲೊಂದು ತೂತುಗಳು. ಸರಪಳಿಯ ಕೊಂಡಿಯನ್ನು ಕೆಳಗಿನ ತೂತಿಗೆ ಹಾಕಿದರೆ ಗಾಡಿ ನೆಲ ಕಚ್ಚಿಕೊಂಡಿರುತ್ತದೆ. ಮೇಲಿನದಕ್ಕೆ ಹಾಕಿದಷ್ಟೂ ಹಿಂದಿನ ಗಾಲಿಯ ಮೇಲೆ ಭಾರ ಬಿದ್ದು ಹಿಡಿತ ಸಿಗುತ್ತದೆ. ಜೊತೆಗೆ ಮೂತಿಯೂ ಅಷ್ಟೇ ಸಲೀಸಾಗಿ ಏಳುತ್ತದೆ. ಅಳಿಯ ಒಂದು ತೂತು ಮೇಲೆ ಹಾಕಿಸಿದ.

ಎರಡನೇ ಎಳೆತ ಹೇಗಿತ್ತು ಅಂತ ಕೇಳಿದರೆ ನಾನು ನೋಡಿದ್ದನ್ನು ಮಾತ್ರ ಹೇಳಬಲ್ಲೆ. ಈ ಸಲ ಗಾಲಿ ನೆಲ ಹಿಡಿಯಿತು. ಮೂತಿ ಎದ್ದಿತು. ಗೇಣು ದಾಟಿತು, ಮೊಳ ದಾಟಿತು. ನನ್ನ ಕಾಲು ಗಾಳಿಯಲ್ಲಿ. ಬದುವಿನ ಮೇಲೆ ನಿಂತವರ ತಲೆಗಳು ನನ್ನ ಕಣ್ಣಿನ ಕೆಳಗೆ. ಪಕ್ಕದಲ್ಲಿ ಹೋಟೆಲಿನ ಗೆಳೆಯ "ಯವ್ವಾ ಯಲ್ಲವ್ವಾ" ಅಂತ ಒಂದೇ ಸಮನೆ ಜಪ ಹಿಡಿದಿದ್ದ. ಹೊಗೆ, ಕೂಗು, ಸಿಳ್ಳೆ. ನಾನು ಬಾನೆಟ್ಟಿನ ಮೇಲಿಂದ ಕೆಳಗೆ ಅಳಿಯನ ಮುಖ ಹುಡುಕಿದೆ. ಅವನು ನಮ್ಮನ್ನು ನೋಡುತ್ತಿರಲಿಲ್ಲ. ಕುತ್ತಿಗೆ ತಿರುಗಿಸಿ ಹಿಂದಿನ ಸುಣ್ಣದ ಗೆರೆಯನ್ನೇ ನೋಡುತ್ತಿದ್ದ. ಮೂತಿ ಎಷ್ಟು ಎದ್ದಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ.

ದೊಡ್ಡ ಗಾಡಿಯನ್ನು ಗೆರೆ ದಾಟಿಸಿ ಎಳೆದೆವು. ಅಳಿಯ ಕ್ಲಚ್ ಒತ್ತಿದ. ಮೂತಿ ಧಡ್ ಅಂತ ನೆಲಕ್ಕೆ ಬಿದ್ದು ನನ್ನ ಬೆನ್ನೆಲುಬು ತಲೆಗೆ ಬಂದು ಬಡಿಯಿತು. ಗೆದ್ದಿದ್ದೆವು. ಜನ ಹೊಲದೊಳಗೆ ನುಗ್ಗಿ ಕುಣಿದರು. ಯಾರೋ ನನ್ನ ಬನಿಯನ್ನಿಗೆಲ್ಲ ಭಂಡಾರ ಸುರಿದರು. ನನ್ನ ಕೈ ಹಗ್ಗ ಬಿಡುತ್ತಿರಲಿಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ.

ಆಗ ಅಳಿಯ ಹಿಂದೆ ಬಾಗಿ ಕೊಂಡಿ ಬಿಚ್ಚುತ್ತಿರುವುದು ಕಾಣಿಸಿತು. ಎಲ್ಲಕ್ಕಿಂತ ಮೇಲಿನ ತೂತಿಗೆ ಹಾಕುತ್ತಿದ್ದ. ಓಡಿಹೋದೆ.

"ಬ್ಯಾಡೋ! ಇದ್ದ ತೂತಿಗೇ ಇರ್ಲಿ."

"ಮಾಮಾ, ಈಗ ಅವ್ರೂ ಮ್ಯಾಲ ಕಟ್ಟತಾರ. ನಾವು ಹಂಗ ಇದ್ರ ಮತ್ತ ಎಳಕೊಂಡು ಹೋಗ್ತಾರ."

"ಹೋಗ್ಲಿ. ಮೂತಿ ಎಷ್ಟು ಎದ್ದಿತ್ತು ಗೊತ್ತೈತೇನ ನಿನಗ?"

"ಎಷ್ಟರ ಏಳ್ಲಿ, ಇಳೀತಲ್ಲ?"

"ಇಳೀಲಿಲ್ಲಂದ್ರ?"

ಅವನು ನಕ್ಕ. ಒಳ್ಳೆಯ ಹುಡುಗ, ಕೆಟ್ಟ ನಗು ಅಲ್ಲ ಅದು. "ನೀ ಅದೀಯಲ್ಲ ಮಾಮಾ," ಅಂದ.

ಹೋಟೆಲಿನ ಗೆಳೆಯನ ಕಡೆ ನೋಡಿದೆ. ಅವನ ಮುಖವೂ ಬೆಳ್ಳಗಾಗಿತ್ತು. "ಇದೊಂದ ಎಳತ ಹೋಗಿ ಬಂದಬಿಡೂಣು," ಅಂದ ಮೆಲ್ಲಗೆ. "ಇಷ್ಟು ಮಂದಿ ಮುಂದ ಹೆಂಗ ಬ್ಯಾಡ ಅನ್ನೂದು?"

ಆ ಹೊತ್ತಿನಲ್ಲಿ ನಾನು ಮಾಡಿದ ಲೆಕ್ಕ ಇಷ್ಟೇ. ಈಗಲೇ ನಾನು ಬರುವುದಿಲ್ಲ ಅಂದರೆ ಸುತ್ತ ಕುಣಿಯುತ್ತಿರುವವರಲ್ಲಿ ಹತ್ತು ಜನ "ನಾ ಕುಂದರತೇನಿ" ಅಂತ ಮುಂದೆ ಬರುತ್ತಾರೆ. ಯಾರನ್ನೋ ಹತ್ತಿಸುತ್ತಾರೆ, ಎಳೆತ ನಡೆದೇ ನಡೆಯುತ್ತದೆ. ಅದನ್ನು ನಿಲ್ಲಿಸಲು ಇರುವುದು ಒಂದೇ ದಾರಿ. ಹತ್ತಬೇಕು. ಸರಪಳಿ ಬಿಗಿಯಾಗುವ ತನಕ ಕೂತಿರಬೇಕು.

ಹತ್ತಿದೆ. ಅಳಿಯ ನನಗೆ ಹೆಬ್ಬೆರಳು ತೋರಿಸಿದ. ನಾನೂ ತೋರಿಸಿದೆ. ಎರಡೂ ಗಾಡಿಗಳು ಇಂಚಿಂಚೇ ಮುಂದೆ ಸರಿದವು. ಸರಪಳಿ ನೆಲದಿಂದ ಎದ್ದಿತು, ಮಣ್ಣು ಉದುರಿಸಿಕೊಂಡು ನೆಟ್ಟಗಾಯಿತು. ಪಂಚರು ನಿಶಾನೆ ಮೇಲೆತ್ತಿದರು.

ನಾನು ಹಗ್ಗ ಬಿಟ್ಟು ಕೆಳಗೆ ಇಳಿದೆ.

ಇಳಿದೆ ಅನ್ನುವುದು ದೊಡ್ಡ ಮಾತು. ಮೊಣಕಾಲೂರಿ ಬಿದ್ದೆ. ಎದ್ದು ಎರಡೂ ಕೈ ಎತ್ತಿ ನಿಂತೆ, ಪಂಚರಿಗೆ ಕಾಣಲಿ ಅಂತ.

"ಏನ್ಲೇ, ಒಂದಕ್ಕ ಬಂತೇನ?" ಅಂದ ಗೆಳೆಯ ಮೇಲಿನಿಂದಲೇ. ಅವನಿಗೆ ಇನ್ನೂ ತಿಳಿದಿರಲಿಲ್ಲ.

"ಇಳದ್ರು!" ಪಂಚರು ನಿಶಾನೆ ಕೆಳಗಿಳಿಸಿದರು. "ಸಾಲಹಳ್ಳಿ ಗಾಡಿ ಸೋತೈತಿ."

ಆಮೇಲೆ ಎದ್ದ ಕೂಗನ್ನು ನಾನು ಬರೆಯಲಾರೆ. ಬರೆಯುವ ಮಾತುಗಳೂ ಅಲ್ಲ. ಒಂದು ಚಪ್ಪಲಿ ನನ್ನ ಹೆಗಲಿಗೆ ಬಿತ್ತು. ಮಣ್ಣಿನ ಹೆಂಟೆಗಳು ಬಂದವು. ಆಗ ನನಗೆ ಇನ್ನೊಂದು ಭಯ ಶುರುವಾಯಿತು, ಈ ಮಂದಿ ಈಗ ನನ್ನನ್ನು ಇಲ್ಲೇ ತುಳಿಯುತ್ತಾರೆ ಅಂತ. ಮಾಸ್ತರರು ಕೊಡೆ ಬಿಚ್ಚಿ ನನ್ನ ಮುಂದೆ ಹಿಡಿದು, "ಸರೀರಿ, ಸರೀರಿ" ಅನ್ನುತ್ತ ರಸ್ತೆಯ ತನಕ ಕರೆದುಕೊಂಡು ಬಂದರು. ದಾರಿಯಲ್ಲಿ ಕಿವಿಯ ಹತ್ತಿರ ಬಂದು, "ಇಳೀದಿದ್ರೂ ನೀವು ಸೋಲತಿದ್ರಿ ಬಿಡ್ರಿ, ಗೇರ್ ಬಾಕ್ಸ್ ಹೋಗತಿತ್ತು," ಅಂದರು.

ಅಳಿಯ ಎಂಜಿನ್ ಬಂದ್ ಮಾಡಿ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಆಮೇಲೆ ರಸ್ತೆಯಲ್ಲಿ ನನ್ನ ಪಕ್ಕ ಗಾಡಿ ನಿಲ್ಲಿಸಿದಾಗಲೂ ಕೂಗಾಡಲಿಲ್ಲ.

"ಮಾಮಾ, ನೀ ನನ್ನ ಹೊಡದಿದ್ರ ಛಲೋ ಇತ್ತು," ಅಂದ. ಅಷ್ಟೇ. ನನ್ನನ್ನು ಹತ್ತಿಸಿಕೊಳ್ಳದೆ ಹೋದ. ನಾನು ಬಸ್ಸಿಗೆ ಬಂದೆ.

ಸಂಜೆ ಅಕ್ಕನ ಫೋನು.

"ಏನಾತೋ?"

"ಏನೂ ಆಗ್ಲಿಲ್ಲವಾ."

"ಏನೂ ಆಗ್ಲಿಲ್ಲಂದ್ರ ಯಾಕ ಇಳದಿ? ಅಂವ ಉಣ್ಣವಲ್ಲ, ಮಾತಾಡವಲ್ಲ."

ಗಾಡಿ ಬಿದ್ದಿದ್ದರೆ ತೋರಿಸಲು ಏನಾದರೂ ಇರುತ್ತಿತ್ತು. ಬೀಳದ ಗಾಡಿಯನ್ನು ಹೇಗೆ ತೋರಿಸುವುದು? ಮೇಲಿನ ತೂತಿಗೆ ಹಾಕಿದ್ದರೂ ಏನೂ ಆಗದೆ, ಗೆದ್ದು, ಎಲ್ಲರೂ ಹೋಟೆಲಿನಲ್ಲಿ ಕೂತು ಮಿರ್ಚಿ ತಿನ್ನುತ್ತಿದ್ದಿರಬಹುದು. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದರೂ ವಾದ ಮಾತ್ರ ನಿಂತಿಲ್ಲ. ನಾನು ಇಳಿಯುವ ವಿಡಿಯೊಗೆ ಹಾಡು ಹಚ್ಚಿ ಹಂಚಿದ್ದಾರೆ, ನೀವೂ ನೋಡಿರಬಹುದು. "ಅಂಜುಬುರಕ" ಅಂದವರಿದ್ದಾರೆ. ದೊಡ್ಡ ಗಾಡಿಯವರ ಚಾ ಕುಡಿದು ಬೇಕೆಂದೇ ಸೋಲಿಸಿದ್ದಾನೆ ಅಂದವರೂ ಇದ್ದಾರೆ. ಅಂಜುಬುರಕ ಅನ್ನುವುದನ್ನು ಒಪ್ಪುತ್ತೇನೆ. ಅಂಜಿದೆ, ಅದಕ್ಕೇ ಇಳಿದೆ. ಇನ್ನೊಮ್ಮೆ ಕೂರಿಸಿದರೆ ಇನ್ನೊಮ್ಮೆ ಇಳಿಯುತ್ತೇನೆ.

ಆದರೆ ಕೂರಿಸುವುದಿಲ್ಲ. ರಾಮದುರ್ಗದ ಕಡೆ ಇನ್ನೊಂದು ಜಗ್ಗಾಟ ಇದೆಯಂತೆ. ನನ್ನದೇ ವಿಡಿಯೊದ ಕೆಳಗೆ ಕಾಮೆಂಟ್ ಹಾಕುತ್ತಿದ್ದ ಒಬ್ಬ ಅಭಿಮಾನಿಯನ್ನು ಅಳಿಯ ನನ್ನ ಜಾಗಕ್ಕೆ ಗೊತ್ತು ಮಾಡಿದ್ದಾನೆ. ನನಗಿಂತ ದಪ್ಪ. ಅವನಿಗೆ ಮೆಸೇಜ್ ಹಾಕಿದೆ: "ಹತ್ತೂಕಿಂತ ಮೊದಲ ಕೊಂಡಿ ಯಾವ ತೂತಿಗೆ ಹಾಕ್ಯಾರ ನೋಡಪಾ." ಅವನು ನಗುವ ಮುಖದ ಚಿತ್ರ ಕಳಿಸಿದ. ಕೆಳಗೆ, "ನಾ ಅದೀನಲ್ಲ ಅಣ್ಣಾ" ಅಂತ ಬರೆದಿದ್ದ.

ಅದನ್ನು ಓದಿದಾಗಿನಿಂದ ಮೊಬೈಲ್ ಗುಂಯ್ ಅಂದರೆ ರಾಮದುರ್ಗದ ಸುದ್ದಿಯೇನೋ ಅಂತ ಓಡಿಹೋಗಿ ನೋಡುತ್ತೇನೆ.

ನಿಮ್ಮಲ್ಲಿ ಯಾರಾದರೂ ಹೀಗೆ ಎಲ್ಲರೆದುರು ಇಳಿದದ್ದಿದೆಯಾ? ಯಾವುದರಿಂದಲಾದರೂ ಸರಿ, ಗಾಡಿಯಿಂದ, ದೋಣಿಯಿಂದ, ಕೆಲಸದಿಂದ. ಇಳಿದ ಮೇಲೆ ಮನೆಯವರು ಮತ್ತೆ ಮಾತಾಡಿದರಾ? ಎಷ್ಟು ದಿನಕ್ಕೆ? ಇಳಿಯಬೇಕು ಅನ್ನಿಸಿಯೂ ನಾಚಿಕೆಗೆ ಕೂತೇ ಇದ್ದವರಿದ್ದರೆ ಅವರೂ ಬರೆಯಿರಿ. ಕೊನೆಗೆ ಏನೂ ಆಗಲಿಲ್ಲ, ಇದನ್ನೇನು ಬರೆಯುವುದು ಅಂತ ಬಿಡಬೇಡಿ. ಏನೂ ಆಗದೇ ಇದ್ದ ಕತೆಗಳೇ ನನಗೆ ಈಗ ಬೇಕಾಗಿರುವುದು.